ಗೋಡೆಯ ಮೇಲಿನ ಹೊನ್ನು

ಆರತಿಯ ತಟ್ಟೆಯನ್ನು ಅಣಿಮಾಡುವುದನ್ನು ನೀವೆಲ್ಲರೂ ನೋಡಿದ್ದೀರಿ. ತಟ್ಟೆಯ ನೀರಿಗೆ ಅರಿಶಿನ ಹಾಕಿದರೆ ಹಳದಿ. ಅದಕ್ಕೆ ಬೆರಳ ತುದಿಯಷ್ಟು ಸುಣ್ಣ ಸೇರಿಸಿ ಕದಡಿದರೆ ಕ್ಷಣದಲ್ಲಿ ಕೆಂಪು. ಮದುಮಕ್ಕಳಿಗೆ, ಬಾಣಂತಿಗೆ, ಬಹುದಿನದ ಮೇಲೆ ಊರಿಗೆ ಬಂದ ಮಗನಿಗೆ ನಿವಾಳಿಸಿ ಹೊರಗೆ ಚೆಲ್ಲುವ ಆ ನೀರು ನಮಗೆ ಎಷ್ಟು ಬಳಕೆಯದೆಂದರೆ, ಅದರಲ್ಲಿ ಅಡಗಿರುವ ಪಾಠವನ್ನು ನಾವು ಗಮನಿಸುವುದೇ ಇಲ್ಲ. ಮನೆಯ ಗೋಡೆಗೆ ಹಳದಿ ಬಳಿಯಬೇಕೆಂದು ಹೊರಟ ಜನರೆಲ್ಲ ಎದುರಿಸಿದ ತೊಡಕು ಆ ತಟ್ಟೆಯಲ್ಲೇ ಇದೆ.

ಏಕೆಂದರೆ, ಗೋಡೆ ಎಂದರೆ ಬಹುಕಾಲ ಸುಣ್ಣವೆಂದೇ ಅರ್ಥ. ಸುಣ್ಣ ತೀಕ್ಷ್ಣವಾದ ಕ್ಷಾರ. ಹೂವಿನಿಂದ, ಬೇರಿನಿಂದ, ತೊಗಟೆಯಿಂದ ತೆಗೆದ ಬಣ್ಣಗಳನ್ನು ಅದು ಬಾಳಗೊಡುವುದಿಲ್ಲ. ಒಂದೋ ಬೇರೆ ಬಣ್ಣಕ್ಕೆ ತಿರುಗಿಸುತ್ತದೆ, ಇಲ್ಲವೇ ಅಳಿಸಿಯೇ ಹಾಕುತ್ತದೆ. ಅರಿಶಿನಕ್ಕಂತೂ ಬಿಸಿಲೂ ಆಗದು. ಹೊಸ್ತಿಲಿಗೆ ಹಚ್ಚಿದ ಅರಿಶಿನ ಮತ್ತೆ ಮತ್ತೆ ಹಚ್ಚಬೇಕಾದ ಬಣ್ಣ; ಗೋಡೆಯ ಮೇಲೆ ನಿಲ್ಲುವ ಬಣ್ಣವಲ್ಲ. ಹಾಗಾದರೆ ಸುಣ್ಣಕ್ಕೂ ಬಿಸಿಲಿಗೂ ಜಗ್ಗದ ಹೊನ್ನಿನ ಬಣ್ಣವನ್ನು ಎಲ್ಲಿಂದ ತರಬೇಕು?

ಹಬ್ಬದ ಮುಂಚೆ ಮನೆಗೆ ಬಣ್ಣ ಹೊಡೆಸಬೇಕೆಂದು ನೀವು ಯೋಚಿಸುತ್ತಿರಬಹುದು. ನಡುಮನೆ, ಊಟದ ಮನೆ, ಮಲಗುವ ಕೋಣೆ ಎಲ್ಲಕ್ಕೂ ಒಂದೇ ಹೊಂಬಣ್ಣವಿದ್ದರೆ ಮನೆಯೆಲ್ಲ ಸಂಜೆಯ ಬಿಸಿಲು ತುಂಬಿದಂತೆ ಇರುತ್ತದೆ ಎಂದು ಮನೆಯಾಕೆ ಹೇಳಿರಬಹುದು. ಒಳ್ಳೆಯ ಆಲೋಚನೆಯೇ. ಆದರೆ ಅಂಗಡಿಯ ಡಬ್ಬಿಯೊಳಗೆ ಇಂದು ಸುಲಭವಾಗಿ ಸಿಗುವ ಈ ಬಣ್ಣಕ್ಕೆ ಒಂದು ದೊಡ್ಡ ಚರಿತ್ರೆಯಿದೆ. ಅದರಲ್ಲಿ ಎರಡು ವಂಶಗಳುಂಟು: ಒಂದು ಮಣ್ಣಿನ ವಂಶ, ಇನ್ನೊಂದು ಸೀಸದ ವಂಶ. ಮೊದಲನೆಯದು ಮಂಕಾದರೂ ಸಾಧು; ಎರಡನೆಯದು ಬೆಳಗುವ ಬಣ್ಣ, ಆದರೆ ಆ ಬೆಳಕಿಗೆ ಬೆಲೆ ತೆತ್ತವರು ಅದನ್ನು ಕೊಂಡವರಲ್ಲ. ಈ ಎರಡರ ಕಥೆಯನ್ನು ತಿಳಿದುಕೊಂಡು ಕುಂಚ ಎತ್ತುವುದು ಮೇಲು.

ಮೊದಲು ಮಣ್ಣಿನ ಮಾತು. ಕಬ್ಬಿಣದ ಅಂಶ ನೀರಿನೊಡನೆ ಕೂಡಿ ಜೇಡಿಮಣ್ಣಿನಲ್ಲಿ ಬೆರೆತಾಗ ಆ ಮಣ್ಣು ಹಳದಿಯಾಗುತ್ತದೆ. ಮಳೆಗೆ ನೆನೆದ ಕಬ್ಬಿಣದ ಮೊಳೆಯ ಸುತ್ತ ಕಾಣುವ ತುಕ್ಕಿನ ಬಣ್ಣಕ್ಕೆ ಇದು ಹತ್ತಿರದ ನೆಂಟ. ಇದೇ ಹಳದಿ ಮಣ್ಣನ್ನು ಒಲೆಯಲ್ಲಿಟ್ಟು ಕಾಯಿಸಿದರೆ ಒಳಗಿನ ನೀರಿನ ಅಂಶ ಹಾರಿಹೋಗಿ ಅದು ಕೆಂಪಾಗುತ್ತದೆ. ನಮ್ಮ ಊರುಗಳಲ್ಲಿ ಗೋಡೆಯ ಅಂಚಿಗೂ ಜಗುಲಿಗೂ ಬಳಿಯುತ್ತಿದ್ದ ಕೆಮ್ಮಣ್ಣು, ಕಾವಿ ಇವೆಲ್ಲ ಆ ಕೆಂಪು ಪಂಗಡದವು. ಹಳದಿ ಮಣ್ಣೂ ಕೆಮ್ಮಣ್ಣೂ ಒಂದೇ ತಾಯಿಯ ಮಕ್ಕಳು. ಒಂದು ನೀರನ್ನು ಉಳಿಸಿಕೊಂಡಿದೆ, ಇನ್ನೊಂದು ಕಳೆದುಕೊಂಡಿದೆ, ಅಷ್ಟೇ ವ್ಯತ್ಯಾಸ.

ಈ ಮಾತಿಗೆ ಒಂದು ವಿಚಿತ್ರವಾದ ಸಾಕ್ಷಿ ಇಟಲಿಯ ಪಾಂಪೆ ಪಟ್ಟಣದಲ್ಲಿದೆ. ಕ್ರಿ. ಶ. 79ರಲ್ಲಿ ವಿಸೂವಿಯಸ್ ಬೆಟ್ಟ ಬೆಂಕಿಯುಗುಳಿ ಆ ಪಟ್ಟಣವನ್ನು ಬೂದಿಯಲ್ಲಿ ಹೂತುಹಾಕಿತು. ಶತಮಾನಗಳ ಮೇಲೆ ಅಗೆದು ತೆಗೆದಾಗ ಅಲ್ಲಿನ ಮನೆಗಳ ಕೆಂಪು ಗೋಡೆಗಳನ್ನು ಕಂಡು ಯೂರೋಪಿನವರೆಲ್ಲ ಬೆರಗಾದರು. ‘ಪಾಂಪೆಯ ಕೆಂಪು’ ಎಂಬ ಹೆಸರೇ ಹುಟ್ಟಿತು. ಆದರೆ ಈಚಿನ ಸಂಶೋಧಕರು ಹೇಳುವ ಪ್ರಕಾರ ಆ ಕೆಂಪು ಗೋಡೆಗಳಲ್ಲಿ ಕೆಲವು ಮೊದಲು ಹಳದಿಯವೇ ಆಗಿದ್ದವು. ಜ್ವಾಲಾಮುಖಿಯ ಬಿಸಿ ಹಬೆಗೆ ಹಳದಿ ಮಣ್ಣು ಸುಟ್ಟು ಕೆಂಪಾಯಿತು. ಅಂದರೆ, ಹೊನ್ನಿನ ಬಣ್ಣದ ಕೋಣೆಗಳಲ್ಲಿ ಕುಳಿತು ಊಟಮಾಡಿದ ಜನ ಎರಡು ಸಾವಿರ ವರ್ಷಗಳ ಹಿಂದೆಯೇ ಇದ್ದರು.

ಎರಡು ಸಾವಿರ ವರ್ಷವೇನು ಮಹಾ! ಮನುಷ್ಯನಿಗೂ ಈ ಮಣ್ಣಿಗೂ ಇರುವ ಸ್ನೇಹ ಅದಕ್ಕಿಂತ ಬಹಳ ಹಳೆಯದು. ದಕ್ಷಿಣ ಆಫ್ರಿಕದ ಬ್ಲಾಂಬೋಸ್ ಎಂಬ ಗವಿಯಲ್ಲಿ 2008ರಲ್ಲಿ ದೊಡ್ಡ ಕಡಲಚಿಪ್ಪುಗಳು ದೊರೆತವು. ಅವುಗಳ ಒಳಗೆ ಅರೆದ ಬಣ್ಣದ ಮಣ್ಣು ಇನ್ನೂ ಅಂಟಿಕೊಂಡಿತ್ತು. ಪಕ್ಕದಲ್ಲಿ ಅರೆಯುವ ಕಲ್ಲುಗಳಿದ್ದವು. ಅವುಗಳ ಕಾಲ ಇಂದಿಗೆ ಸುಮಾರು ಒಂದು ಲಕ್ಷ ವರ್ಷಗಳ ಹಿಂದಿನದೆಂದು ಲೆಕ್ಕ. ಫ್ರಾನ್ಸಿನ ಲಾಸ್ಕೊ ಗವಿಯ ಗೋಡೆಯ ಮೇಲೆ ಓಡುತ್ತಿರುವ ಹಳದಿ ಕುದುರೆಗಳಿಗೆ ಸುಮಾರು ಹದಿನೇಳು ಸಾವಿರ ವರ್ಷ. ಅಷ್ಟು ಕಾಲ ಕಳೆದರೂ ಬಣ್ಣ ಮಾಸಿಲ್ಲ. ಮಣ್ಣಿಗೆ ಮುಪ್ಪಿಲ್ಲ.

ಈ ಗುಣದಿಂದಲೇ ಮಣ್ಣು ಸುಣ್ಣಕ್ಕೆ ತಕ್ಕ ಜೊತೆಯಾಯಿತು. ಹಳದಿ ಮಣ್ಣನ್ನು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಶೋಧಿಸಿ, ಅರಳಿದ ಸುಣ್ಣದ ತಿಳಿಗೆ ಬೆರೆಸಿ ಬಳಿದರೆ, ಸುಣ್ಣ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ಮೆಲ್ಲಗೆ ಮತ್ತೆ ಕಲ್ಲಾಗುತ್ತದೆ. ಮಣ್ಣಿನ ಕಣಗಳು ಆ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತವೆ. ಬಾನಿಯಲ್ಲಿದ್ದಾಗ ಗಾಢವಾಗಿ ಕಾಣುವ ಬಣ್ಣ ಗೋಡೆಯ ಮೇಲೆ ಒಣಗಿದಾಗ ಬಹಳ ತಿಳಿಯಾಗುತ್ತದೆಂಬುದು ಸುಣ್ಣ ಬಳಿಯುವವರೆಲ್ಲ ಬಲ್ಲ ಸಂಗತಿ. ಆದ್ದರಿಂದ ಅನುಭವಸ್ಥರು ಮೊದಲು ಮೂಲೆಯಲ್ಲಿ ಒಂದು ಗೇಣು ಬಳಿದು, ಒಣಗಿಸಿ ನೋಡಿ, ಆಮೇಲೆ ಬಾನಿಗೆ ಇಳಿಯುತ್ತಿದ್ದರು.

ಯೂರೋಪಿನಲ್ಲಿ ಈ ಮಣ್ಣನ್ನು ದೊಡ್ಡ ಉದ್ಯಮವಾಗಿ ಬೆಳೆಸಿದ ಹೆಸರಾಂತ ಸ್ಥಳ ದಕ್ಷಿಣ ಫ್ರಾನ್ಸಿನ ರೂಸಿಯ್ಯೋನ್ ಎಂಬ ಹಳ್ಳಿ. ಅಲ್ಲಿಯ ಗುಡ್ಡಗಳೇ ಹಳದಿ, ಕಿತ್ತಳೆ, ಕೆಂಪು. 1780ರ ಸುಮಾರಿಗೆ ಆ ಊರಿನ ಜಾನ್ ಎತಿಯೆನ್ ಆಸ್ತಿಯೆ ಎಂಬಾತ ಗುಡ್ಡದ ಮರಳನ್ನು ತೊಳೆದು ಬಣ್ಣ ತೆಗೆಯುವ ಕೆಲಸವನ್ನು ಹೂಡಿದ. ಉಪಾಯ ಬಲು ಸರಳ. ಅಗೆದ ಮಣ್ಣನ್ನು ನೀರಿನ ಕಾಲುವೆಗೆ ಬಿಡುವುದು. ಭಾರವಾದ ಮರಳು ತಳಕ್ಕೆ ಕೂರುತ್ತದೆ, ಹಗುರವಾದ ಬಣ್ಣದ ಮಣ್ಣು ನೀರಿನೊಡನೆ ಹರಿದು ಮುಂದಿನ ತೊಟ್ಟಿಗೆ ಸೇರುತ್ತದೆ. ತೊಟ್ಟಿಯಲ್ಲಿ ಅದು ಇಳಿದು, ನೀರು ಆರಿದ ಮೇಲೆ ಇಟ್ಟಿಗೆಯಂತೆ ಕತ್ತರಿಸಿ ಒಣಗಿಸುವುದು. ಕೆಂಪು ಬೇಕಾದರೆ ಒಲೆಗೆ ಹಾಕುವುದು. ಆ ಹಳ್ಳಿಯ ಮನೆಗಳೆಲ್ಲ ಇಂದಿಗೂ ತಮ್ಮ ಗುಡ್ಡದ ಬಣ್ಣವನ್ನೇ ಉಟ್ಟು ನಿಂತಿವೆ.

ಇಷ್ಟೆಲ್ಲ ಗುಣವಿದ್ದರೂ ಮಣ್ಣಿಗೆ ಒಂದು ಕೊರತೆ ಇತ್ತು. ಅದು ಹಣ್ಣಾದ ಗೋಧಿಯ ಹೊಲದಂತೆ, ಒಣಹುಲ್ಲಿನಂತೆ, ಹಳೆಯ ಹಿತ್ತಾಳೆಯಂತೆ ಇರುತ್ತದೆಯೇ ಹೊರತು ತೊಳೆದಿಟ್ಟ ಬಂಗಾರದಂತೆ ಥಳಥಳಿಸುವುದಿಲ್ಲ. ಬಿಸಿಲು ಧಾರಾಳವಾಗಿರುವ ನಾಡಿನಲ್ಲಿ ಇದು ಕೊರತೆಯೆನಿಸದು. ಆದರೆ ಬಿಸಿಲನ್ನೇ ಕಾಣದ ಊರಿನವರು ಏನು ಮಾಡಬೇಕು? ಈಗ ನಾವು ಲಂಡನ್ನಿಗೆ ಹೋಗೋಣ.

ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬ ಚೌಕದಲ್ಲಿ ಸರ್ ಜಾನ್ ಸೋನ್ ಎಂಬ ವಾಸ್ತುಶಿಲ್ಪಿಯ ಮನೆಯಿದೆ. ಬ್ಯಾಂಕ್ ಆಫ್ ಇಂಗ್ಲೆಂಡಿನ ಕಟ್ಟಡದ ಕೆಲಸದಲ್ಲಿ ಹೆಸರು ಪಡೆದವನು ಈತ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ, ಕಲ್ಲಿದ್ದಲ ಹೊಗೆಯೂ ಮಂಜೂ ಕವಿದ ಆ ನಗರದಲ್ಲಿ, ಇಟಲಿಯಲ್ಲಿ ತಾನು ಕಂಡ ಬೆಳಕನ್ನು ಮನೆಯೊಳಗೆ ತರಬೇಕೆಂದು ಸೋನ್ ಹಟ ಹಿಡಿದ. ಮಾಳಿಗೆಯ ಬೆಳಕಿಂಡಿಗಳಿಗೆ ಹಳದಿ ಗಾಜು ಹಾಕಿಸಿದ. ಮಂಕು ಬೆಳಕೂ ಅದರ ಮೂಲಕ ಇಳಿದಾಗ ಎಳೆಬಿಸಿಲಾಗುತ್ತಿತ್ತು. ಮೇಲಿನ ಅಂತಸ್ತಿನ ದೊಡ್ಡ ದಿವಾನಖಾನೆಗಳಿಗೆ ಹೊಳೆಯುವ ಹಳದಿ ಬಳಿಸಿದ. ಪರದೆಗಳೂ ಹಳದಿ. ಮನೆಯನ್ನು ಇದ್ದಂತೆಯೇ ಕಾಪಾಡಬೇಕೆಂದು 1833ರಲ್ಲಿ ಪಾರ್ಲಿಮೆಂಟಿನಿಂದ ಕಾಯಿದೆಯನ್ನೇ ಮಾಡಿಸಿಕೊಂಡು, 1837ರಲ್ಲಿ ತೀರಿಕೊಂಡ. ಇಂದು ಅದು ವಸ್ತು ಸಂಗ್ರಹಾಲಯ. ಕೋಣೆಗಳಿಗೆ ಮತ್ತೆ ಅದೇ ಹಳದಿಯನ್ನು ಬಳಿದಿದ್ದಾರೆ.

ಆ ಹಳದಿಯ ಹೆಸರು ‘ಟರ್ನರನ ಹಳದಿ’. ಚಿತ್ರಗಾರ ಟರ್ನರ್ ಬೇರೆ, ಈತ ಬೇರೆ. 1781ರಲ್ಲಿ ಜೇಮ್ಸ್ ಟರ್ನರ್ ಎಂಬ ರಾಸಾಯನಿಕ ವ್ಯಾಪಾರಿ ಉಪ್ಪಿನಿಂದ ಸೋಡ ತಯಾರಿಸುವ ಒಂದು ಕ್ರಮಕ್ಕೆ ಸರಕಾರದಿಂದ ಹಕ್ಕುಪತ್ರ ಪಡೆದ. ಉಪ್ಪಿಗೆ ಸೀಸದ ಬೂದಿಯನ್ನು ಬೆರೆಸುವ ಆ ಕ್ರಮದಲ್ಲಿ ಸೋಡದ ಜೊತೆಗೆ ಒಂದು ಗಸಿ ಉಳಿಯುತ್ತಿತ್ತು. ಅದನ್ನು ಕಾಯಿಸಿದರೆ ಕಣ್ಣು ಕುಕ್ಕುವ ಹಳದಿ. ಸೋಡಕ್ಕಿಂತ ಈ ಗಸಿಯೇ ಅವನ ಹೆಸರನ್ನು ಉಳಿಸಿತು. ಸೀಸದ ವಂಶ ಸಿರಿವಂತರ ದಿವಾನಖಾನೆಯನ್ನು ಹೊಕ್ಕದ್ದು ಹೀಗೆ.

ಆದರೆ ಅದನ್ನು ಜನಸಾಮಾನ್ಯರ ಬಾಗಿಲಿಗೆ ತಂದದ್ದು ಇನ್ನೊಂದು ಬಣ್ಣ. ರಷ್ಯದ ಊರಲ್ ಪರ್ವತದ ಒಂದು ಚಿನ್ನದ ಗಣಿಯಲ್ಲಿ ಕಿತ್ತಳೆಗೆಂಪಿನ ಸುಂದರವಾದ ಹರಳುಗಳು ಸಿಗುತ್ತಿದ್ದವು. ಅವುಗಳಲ್ಲಿ ಸೀಸವಿದೆಯೆಂದು ತಿಳಿದಿತ್ತು; ಬಣ್ಣ ಎಲ್ಲಿಂದ ಬಂತೆಂದು ತಿಳಿದಿರಲಿಲ್ಲ. 1797ರಲ್ಲಿ ಪ್ಯಾರಿಸಿನ ರಸಾಯನಶಾಸ್ತ್ರಜ್ಞ ಲೂಯಿ ನಿಕೊಲಾ ವೋಕ್ಲ್ಯಾನ್ ಆ ಹರಳನ್ನು ಬಿಡಿಸಿ ನೋಡಿ ಹೊಸದೊಂದು ಲೋಹವಿದೆಯೆಂದು ಕಂಡುಹಿಡಿದ. ಅದರ ಲವಣಗಳು ಒಂದೊಂದೂ ಒಂದೊಂದು ಬಣ್ಣವಾಗಿದ್ದುದರಿಂದ ಗ್ರೀಕ್ ಭಾಷೆಯಲ್ಲಿ ಬಣ್ಣಕ್ಕಿರುವ ಮಾತಿನಿಂದ ಅದಕ್ಕೆ ಕ್ರೋಮಿಯಮ್ ಎಂದು ಹೆಸರಾಯಿತು. ಕ್ರೋಮಿಯಮ್ಮಿನ ಲವಣದ ನೀರನ್ನು ಸೀಸದ ಲವಣದ ನೀರಿಗೆ ಸುರಿದರೆ, ನಮ್ಮ ಆರತಿಯ ತಟ್ಟೆಯಲ್ಲಿ ಆಗುವಂತೆಯೇ, ಕಣ್ಣೆದುರಿಗೇ ಪವಾಡ! ಪಾತ್ರೆಯ ತಳಕ್ಕೆ ಹೊನ್ನಿನ ಪುಡಿ ಇಳಿಯುತ್ತದೆ. ಇದೇ ಕ್ರೋಮ್ ಹಳದಿ. ಶಾಸ್ತ್ರದ ಹೆಸರು ಸೀಸದ ಕ್ರೋಮೇಟ್.

ಮೊದಮೊದಲು ಇದು ದುಬಾರಿ. ಆಮೇಲೆ ಕ್ರೋಮಿಯಮ್ಮಿನ ಅದಿರು ಫ್ರಾನ್ಸಿನಲ್ಲಿ, ಸ್ಕಾಟ್ಲೆಂಡಿನ ಉತ್ತರದ ದ್ವೀಪಗಳಲ್ಲಿ, ಅಮೆರಿಕದಲ್ಲಿ ಸಿಕ್ಕಿತು. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ, ಬೈರಾಪುರದ ಸೀಮೆಯ ನೆಲದಲ್ಲೂ ಆ ಅದಿರು ಉಂಟು. ಅದಿರು ಹೆಚ್ಚಿದಂತೆ ಬೆಲೆ ಇಳಿಯಿತು. ಒಂದು ಚಿಟಿಕೆ ಪುಡಿ ಎಷ್ಟೋ ಅಗಲಕ್ಕೆ ಸಾಕಾಗುವಷ್ಟು ಅದರ ಬಣ್ಣ ಗಟ್ಟಿ; ತಳದ ಬಣ್ಣವನ್ನು ಒಂದೇ ಸಲಕ್ಕೆ ಮುಚ್ಚಿಬಿಡುತ್ತದೆ. ಬಣ್ಣ ಮಾರುವವನಿಗೂ ಬಳಿಯುವವನಿಗೂ ಇದಕ್ಕಿಂತ ಇನ್ನೇನು ಬೇಕು?

ಒಂದು ಅಡ್ಡಿ ಇತ್ತು, ಅದೇ ಸುಣ್ಣ. ಕ್ರೋಮ್ ಹಳದಿ ಕೂಡ ಸುಣ್ಣದ ಕ್ಷಾರಕ್ಕೆ ಸಿಕ್ಕರೆ ಕಿತ್ತಳೆಗೆ ತಿರುಗುತ್ತದೆ. ಆದ್ದರಿಂದ ಅದನ್ನು ಅಗಸೆಯೆಣ್ಣೆಯಲ್ಲಿ ಅರೆದು ಮರಕ್ಕೆ ಬಳಿಯುವುದು ವಾಡಿಕೆಯಾಯಿತು. ಸುಣ್ಣದ ಗೋಡೆಯ ಹಳದಿ ಮಣ್ಣಿನದಾಗಿಯೇ ಉಳಿಯಿತು. ಬಾಗಿಲು, ಕಿಟಕಿ, ಕಟಕಟೆ, ತೊಟ್ಟಿಲು, ಆಟದ ಸಾಮಾನು, ಇವುಗಳ ಹಳದಿ ಸೀಸದ್ದಾಯಿತು. ಈ ಪಟ್ಟಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮಗುವಿನ ಕೈಗೆ, ಬಾಯಿಗೆ ಎಟುಕುವ ವಸ್ತುಗಳೆಲ್ಲ ಅದರಲ್ಲಿವೆ.

ಈ ಹೊಸ ಹಳದಿಗೆ ಚಿತ್ರಗಾರರೂ ಮರುಳಾದರು. ಡಚ್ಚರ ವಿನ್ಸೆಂಟ್ ವ್ಯಾನ್ ಗಾಗ್ 1888ರ ಮೇ ತಿಂಗಳಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ ಹಳದಿ ಬಣ್ಣ ಬಳಿದ ಮನೆಯ ಒಂದು ಭಾಗವನ್ನು ಬಾಡಿಗೆಗೆ ಹಿಡಿದ. ಸ್ನೇಹಿತರಾದ ಚಿತ್ರಗಾರರೆಲ್ಲ ಅಲ್ಲಿ ಕೂಡಿ ಬಾಳಬೇಕೆಂಬುದು ಅವನ ಕನಸು. ಬರಲಿದ್ದ ಗೋಗ್ಯಾನ್‌ಗಾಗಿ ಕೋಣೆಯನ್ನು ಸೂರ್ಯಕಾಂತಿಯ ಚಿತ್ರಗಳಿಂದ ಅಲಂಕರಿಸಿದ. ಗೋಗ್ಯಾನ್ ಅಕ್ಟೋಬರಿನಲ್ಲಿ ಬಂದ. ಡಿಸೆಂಬರ್ ಮುಗಿಯುವಷ್ಟರಲ್ಲಿ ಜಗಳವಾಗಿ ಕನಸು ಒಡೆದುಹೋಯಿತು. ಆ ಹಳದಿ ಮನೆ 1944ರಲ್ಲಿ ಬಾಂಬಿಗೆ ಸಿಕ್ಕಿ ಜಖಂಗೊಂಡು ಅನಂತರ ನೆಲಸಮವಾಯಿತು. ಚಿತ್ರಗಳು ಉಳಿದವು, ಆದರೆ ಅವುಗಳಲ್ಲಿನ ಕ್ರೋಮ್ ಹಳದಿ ಕೆಲವೆಡೆ ಕಂದಾಗುತ್ತಿದೆ. ಬೆಳಕಿನ ಹೊಡೆತಕ್ಕೆ ಅದರೊಳಗಿನ ಕ್ರೋಮಿಯಮ್ ಮಾರ್ಪಡುವುದೇ ಇದಕ್ಕೆ ಕಾರಣವೆಂದು 2011ರಲ್ಲಿ ವಿಜ್ಞಾನಿಗಳು ಕ್ಷಕಿರಣಗಳ ಸಹಾಯದಿಂದ ತೋರಿಸಿಕೊಟ್ಟರು. ಗವಿಯ ಮಣ್ಣಿನ ಕುದುರೆ ಹದಿನೇಳು ಸಾವಿರ ವರ್ಷ ಬಾಳಿದ್ದನ್ನೂ, ಕಾರ್ಖಾನೆಯ ಹೊನ್ನು ನೂರಿಪ್ಪತ್ತು ವರ್ಷಕ್ಕೇ ಬಾಡಿದ್ದನ್ನೂ ಹೋಲಿಸಿ ನೋಡಿ.

ಅದೇ ಕಾಲದಲ್ಲಿ ಕ್ಲೋಡ್ ಮೊನೆ ಎಂಬ ಇನ್ನೊಬ್ಬ ಪ್ರಖ್ಯಾತ ಚಿತ್ರಗಾರ ಜಿವರ್ನಿ ಎಂಬ ಹಳ್ಳಿಯಲ್ಲಿ ನೆಲೆಸಿದ್ದ. 1883ರಲ್ಲಿ ಬಾಡಿಗೆಗೆ ಬಂದು, 1890ರಲ್ಲಿ ಆ ಮನೆಯನ್ನು ಕೊಂಡು, 1926ರಲ್ಲಿ ಸಾಯುವವರೆಗೂ ಅಲ್ಲಿಯೇ ಇದ್ದ. ಊಟದ ಮನೆಯ ಗೋಡೆ, ಬೀರು, ಕುರ್ಚಿ ಎಲ್ಲಕ್ಕೂ ಎರಡು ಬಗೆಯ ಹಳದಿ. ಪಕ್ಕದ ಅಡಿಗೆಮನೆಗೆ ನೀಲಿ. ಹಳದಿಯಲ್ಲಿ ಕುಳಿತವನಿಗೆ ಬಾಗಿಲಿನಾಚೆಯ ನೀಲಿ ತಂಪಾಗಿ ಕಾಣಲಿ ಎಂಬಂತೆ ಇದೆ ಆ ಏರ್ಪಾಡು. 1980ರಿಂದ ಆ ಮನೆ ಸಾರ್ವಜನಿಕರಿಗೆ ತೆರೆದಿದೆ. ಹೊಂಬಣ್ಣವನ್ನು ಕೋಣೆತುಂಬ ಹರಡಬಯಸುವವರು ಇಂದಿಗೂ ನೆನೆಯುವುದು ಆ ಊಟದ ಮನೆಯನ್ನೇ.

ಇನ್ನು ಬೆಲೆಯ ಮಾತು. ಸೀಸ ವಿಷವೆಂಬುದು ಹೊಸ ವಿಷಯವಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜೀನಿ 1700ರಲ್ಲಿ ಪ್ರಕಟಿಸಿದ ಕಸಬುದಾರರ ರೋಗಗಳ ಗ್ರಂಥದಲ್ಲಿ, ಸೀಸದೊಡನೆ ಕೆಲಸ ಮಾಡುವ ಕುಂಬಾರರ ಕೈ ನಡುಗುವುದನ್ನೂ, ಬಣ್ಣಗಳ ನಡುವೆ ಬಾಳುವ ಚಿತ್ರಗಾರರ ಕಾಯಿಲೆಗಳನ್ನೂ ವರ್ಣಿಸಿದ್ದ. ಬಣ್ಣ ಬಳಿಯುವವರಿಗೆ ಹೊಟ್ಟೆಯಲ್ಲಿ ತಡೆಯಲಾರದ ಶೂಲೆ, ಮಣಿಕಟ್ಟು ಜೋತುಬೀಳುವುದು, ಇವು ಅವರ ಕಸಬಿನ ಜೊತೆಗೇ ಬರುವ ಶನಿಯೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಕೂಲಿಯವನ ಕಾಯಿಲೆ ಮನೆಯೊಡೆಯನನ್ನು ಕಾಡಲಿಲ್ಲ.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಆ ಕಾಯಿಲೆ ಮನೆಯೊಡೆಯನ ಮಕ್ಕಳನ್ನೇ ಮುಟ್ಟಿತು. ಅಲ್ಲಿ ಸೆಕೆ ಹೆಚ್ಚು. ಮನೆಗಳೆಲ್ಲ ಮರದವು, ಸುತ್ತಲೂ ಜಗುಲಿ, ಜಗುಲಿಗೆ ಬಣ್ಣದ ಮರದ ಕಟಕಟೆ. ಕಳೆದ ಶತಮಾನದ ಹಿಂದಿನ ಶತಮಾನ ಮುಗಿಯುವ ಹೊತ್ತಿಗೆ ಬ್ರಿಸ್ಬೇನ್ ಪಟ್ಟಣದ ವೈದ್ಯರ ಬಳಿಗೆ ಹೊಟ್ಟೆನೋವಿನಿಂದ ಒದ್ದಾಡುವ, ಕೈಕಾಲು ಸೋತ, ದೃಷ್ಟಿ ಮಂದವಾದ ಮಕ್ಕಳು ಬರತೊಡಗಿದರು. ಸೀಸವೆಂದು ಗುರುತಾಯಿತು, ಎಲ್ಲಿಂದ ಬಂತೆಂದು ತಿಳಿಯದು. ಕುಡಿಯುವ ನೀರೆಂದರು, ತಗಡಿನ ಡಬ್ಬಿಯೆಂದರು. ಕೊನೆಗೆ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯ 1904ರಲ್ಲಿ ಕಳ್ಳನನ್ನು ಹಿಡಿದು ತೋರಿಸಿದ. ಬಿಸಿಲಿಗೆ ಕಟಕಟೆಯ ಬಣ್ಣ ಪುಡಿಯಾಗುತ್ತದೆ. ಮಕ್ಕಳು ಅದನ್ನು ಹಿಡಿದು ಆಡುತ್ತಾರೆ. ಅದೇ ಕೈಯ ಬೆರಳು ಚೀಪುತ್ತಾರೆ, ಉಗುರು ಕಚ್ಚುತ್ತಾರೆ. ವಿಷ ಹೊರಗಿಂದ ಬಂದುದಲ್ಲ. ಮನೆಗೆ ಚೆಂದವಾಗಲೆಂದು ಬಳಿಸಿದ ಬಣ್ಣವೇ ಅದು.

ಅಲ್ಲಿನ ಬಣ್ಣ ಹೆಚ್ಚಾಗಿ ಬಿಳಿಯ ಸೀಸ; ಹಳದಿಯಲ್ಲ. ಆದರೆ ಬಿಳಿಯಾಗಲಿ ಹಳದಿಯಾಗಲಿ ಒಳಗಿನ ಸೀಸ ಒಂದೇ. ಕ್ವೀನ್ಸ್‌ಲೆಂಡಿನ ಸರಕಾರ ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಸೀಸದ ಬಣ್ಣ ಬಳಿಯಕೂಡದೆಂದು ಕಾಯಿದೆ ಮಾಡಿದ್ದು 1922ರಲ್ಲಿ. ವೈದ್ಯ ಹೇಳಿದ ಮಾತಿಗೂ ಕಾಯಿದೆಗೂ ನಡುವೆ ಹದಿನೆಂಟು ವರ್ಷ. ಅಷ್ಟರಲ್ಲಿ ಎಷ್ಟು ಎಳೆಯ ಬೆರಳುಗಳು ಕಟಕಟೆಯನ್ನು ಹಿಡಿದಿದ್ದುವೋ!

ಕಾಯಿಲೆ ವಾಸಿಯಾದ ಮಕ್ಕಳು ಪೂರ್ತಿ ಗುಣವಾದರೆಂದು ಬಹುಕಾಲ ನಂಬಿದ್ದರು. 1943ರಲ್ಲಿ ಅಮೆರಿಕದ ಬಾಸ್ಟನ್ನಿನ ರಾಂಡಲ್ಫ್ ಬೈಯರ್ಸ್ ಮತ್ತು ಎಲಿಜಬೆತ್ ಲಾರ್ಡ್ ಎಂಬಿಬ್ಬರು, ಹಾಗೆ ಗುಣವಾಗಿ ಮನೆಗೆ ಹೋದ 20 ಮಕ್ಕಳನ್ನು ಮುಂದೆ ಶಾಲೆಯವರೆಗೂ ಹಿಂಬಾಲಿಸಿ ನೋಡಿದ ವರದಿಯನ್ನು ಪ್ರಕಟಿಸಿದರು. ಆ ಇಪ್ಪತ್ತರಲ್ಲಿ ಶಾಲೆಯಲ್ಲಿ ಸರಿಯಾಗಿ ಮುಂದೆ ಬಂದದ್ದು ಒಂದೇ ಮಗು. ಸೀಸ ದೇಹಕ್ಕೆ ಸುಣ್ಣದ ಅಂಶದ ವೇಷ ಹಾಕಿಕೊಂಡು ಒಳಹೊಗುತ್ತದೆ, ಮೂಳೆಯಲ್ಲಿ ಮನೆ ಮಾಡುತ್ತದೆ, ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಎಳೆಯ ಮಕ್ಕಳ ಕರುಳು ದೊಡ್ಡವರ ಕರುಳಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಹೀರಿಕೊಳ್ಳಬಲ್ಲುದು. ಇಷ್ಟರವರೆಗೆ ಸೀಸ ಸೇರಿದರೆ ಅಪಾಯವಿಲ್ಲ ಎನ್ನುವಂಥ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಮೆರಿಕ ಮನೆಯ ಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮ ದೇಶದ ವೈದ್ಯರೂ ವಿಜ್ಞಾನಿಗಳೂ ಈ ವಿಷಯಕ್ಕಾಗಿ ಬೆಂಗಳೂರಿನಲ್ಲೇ, 1999ರ ಫೆಬ್ರವರಿಯಲ್ಲಿ, ಹೊರದೇಶದವರೊಡನೆ ಸಮ್ಮೇಳನ ಸೇರಿದ್ದರು. ಆಗ ಮೋಟಾರುಗಳ ಪೆಟ್ರೋಲಿನಲ್ಲೂ ಸೀಸವಿತ್ತು. 2000ದಲ್ಲಿ ಅದು ನಿಂತುಹೋಯಿತು. ಬಣ್ಣದ ಸರದಿ ಬರಲು ಇನ್ನೂ ಕಾಲ ಹಿಡಿಯಿತು. 2016ರ ನವೆಂಬರಿನಲ್ಲಿ ಹೊರಟು, 2017ರ ನವೆಂಬರ್ 1ರಿಂದ ಜಾರಿಗೆ ಬಂದ ಭಾರತ ಸರಕಾರದ ನಿಯಮದಂತೆ, ಮನೆಗೆ ಬಳಸುವ ಬಣ್ಣದ ಹತ್ತು ಲಕ್ಷ ಪಾಲಿನಲ್ಲಿ ಸೀಸ 90 ಪಾಲನ್ನು ಮೀರಕೂಡದು. ಡಬ್ಬಿಯ ಮೇಲೆ ಅದನ್ನು ನಮೂದಿಸಬೇಕು.

ಕಾಯಿದೆ ಗೋಡೆಯನ್ನು ಕಾಯಬಹುದು. ಕಣ್ಣಿನ ಆಸೆಯನ್ನು ಕಾಯುವವರು ಯಾರು? ನೆರೆಯ ಬಾಂಗ್ಲಾದೇಶದಲ್ಲಿ 1980ರ ದಶಕದ ಒಂದು ಪ್ರವಾಹದಲ್ಲಿ ಅರಿಶಿನದ ಕೊಂಬುಗಳು ನೆನೆದು ಮಂಕಾದಾಗ, ಅವಕ್ಕೆ ಹೊಳಪು ಕೊಡಲು ಇದೇ ಕ್ರೋಮ್ ಹಳದಿಯ ಪುಡಿಯನ್ನು ಉಜ್ಜುವ ಅಭ್ಯಾಸ ಹುಟ್ಟಿತೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಗೋಡೆಯ ಬಣ್ಣ ಸಾರಿಗೆ ಬಂತು! 2019ರಲ್ಲಿ ವಿಷಯ ಬಯಲಾದ ಮೇಲೆ ಅಲ್ಲಿಯ ಸರಕಾರ ಬಿಗಿಯಾದ ಕ್ರಮ ಕೈಗೊಂಡಿತು. ಆ ವರ್ಷ ಪೇಟೆಯಿಂದ ತಂದು ಪರೀಕ್ಷಿಸಿದ ಅರಿಶಿನದಲ್ಲಿ ನೂರಕ್ಕೆ 47 ಮಾದರಿಗಳಲ್ಲಿ ಸೀಸ ಕಂಡಿತ್ತು. 2021ರಲ್ಲಿ ಒಂದರಲ್ಲೂ ಕಾಣಲಿಲ್ಲ. ಮನಸ್ಸಿಟ್ಟರೆ ಎರಡೇ ವರ್ಷ ಸಾಕೆಂಬುದಕ್ಕೆ ಇದು ನಿದರ್ಶನ. ಅತಿಯಾಗಿ ಹೊಳೆಯುವ ಹಳದಿಯನ್ನು ಕಂಡರೆ ಒಮ್ಮೆ ನಿಂತು ನೋಡಬೇಕೆಂಬುದಕ್ಕೂ ನಿದರ್ಶನ.

ಹಾಗೆಂದು ನಿಮ್ಮ ಹೊಂಬಣ್ಣದ ಆಸೆಯನ್ನು ಬಿಡಬೇಕಾಗಿಲ್ಲ. ಕಬ್ಬಿಣದ ಹಳದಿಯನ್ನು ಈಗ ಕಾರ್ಖಾನೆಯಲ್ಲೇ ಶುದ್ಧವಾಗಿ ತಯಾರಿಸುತ್ತಾರೆ. ಅದು ಹಳೆಯ ಮಣ್ಣಿನ ವಂಶದ ಕುಡಿ. ಥಳಥಳಿಸುವ ಹಳದಿ ಬೇಕೆಂದರೆ ಸೀಸವಿಲ್ಲದ ಬೇರೆ ವರ್ಣದ್ರವ್ಯಗಳೂ ಬಂದಿವೆ. ಆದ್ದರಿಂದ ಅಂಗಡಿಯಲ್ಲಿ ಬಣ್ಣದ ಪಟ್ಟಿಯನ್ನು ನೋಡುವ ಮೊದಲು ಡಬ್ಬಿಯ ಮೇಲೆ ಸೀಸದ ವಿಷಯ ಏನು ಬರೆದಿದೆಯೆಂದು ನೋಡಿ. ಪಟ್ಟಿಯಲ್ಲಿ ಹಿಡಿಸಿದ ಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ಆರಿಸಿ. ನಾಲ್ಕು ಗೋಡೆಗಳೂ ಹಳದಿಯಾದಾಗ ಒಂದರ ಬೆಳಕು ಇನ್ನೊಂದರ ಮೇಲೆ ಬಿದ್ದು ಕೋಣೆಯ ಬಣ್ಣ ತಾನಾಗಿಯೇ ಗಾಢವಾಗುತ್ತದೆ. ಮೊನೆಯ ಅಡಿಗೆಮನೆಯಂತೆ ಎಲ್ಲೋ ಒಂದು ಕಡೆ ಕಣ್ಣಿಗೆ ತಂಪು ಉಳಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕೊನೆಗೆ ಹೇಳುತ್ತೇನೆ. ನಿಮ್ಮದು ಹಳೆಯ ಮನೆಯಾಗಿದ್ದರೆ, ಹೊಸ ಬಣ್ಣಕ್ಕಿಂತ ಅದರ ತಳದಲ್ಲಿರುವ ಹಳೆಯ ಬಣ್ಣವೇ ಹೆಚ್ಚು ಎಚ್ಚರಿಕೆಯ ವಿಷಯ. ತಾತನ ಕಾಲದ ಬಾಗಿಲು ಕಿಟಕಿಗಳ ಎಣ್ಣೆಬಣ್ಣವನ್ನು ಒಣಗಿದಂತೆಯೇ ಉಜ್ಜು ಕಾಗದದಿಂದ ಉಜ್ಜಿಸಬೇಡಿ, ಬೆಂಕಿ ಹಿಡಿದು ಸುಡಿಸಬೇಡಿ. ಆ ಧೂಳಿನಲ್ಲಿ, ಆ ಹೊಗೆಯಲ್ಲಿ ಸೀಸವಿರಬಹುದು. ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದರ ಮೇಲೆಯೇ ಹೊಸ ಬಣ್ಣ ಬಳಿಸಿ ಮುಚ್ಚುವುದು ಒಳ್ಳೆಯದು. ಕೆರೆಯಲೇಬೇಕಾದರೆ ನೀರು ಚಿಮುಕಿಸಿ, ಒದ್ದೆಮಾಡಿ ಕೆರೆಯಿಸಿ. ಬಿದ್ದ ಚೂರುಗಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿಸಿ. ಆ ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಬಸುರಿ ಹೆಂಗಸರನ್ನೂ ಬೇರೆಡೆ ಇರಿಸಿ. ಕೆಲಸಕ್ಕೆ ಬಂದವನ ಮೂಗಿಗೂ ಒಂದು ಕಾಪು ಕೊಡಿ, ಕೈತೊಳೆದ ಮೇಲೆ ಊಟಕ್ಕೆ ಕೂರಿಸಿ. ರಾಮಜೀನಿ ಮುನ್ನೂರು ವರ್ಷಗಳ ಹಿಂದೆ ಕಂಡದ್ದು ಅಂಥವನ ನಡುಗುವ ಕೈಯನ್ನೇ.

ನಿಮ್ಮ ಮನೆಯ ಗೋಡೆಗಳು ಹೊನ್ನಾಗಲಿ. ಆ ಗೋಡೆಯನ್ನು ಹಿಡಿದು ತಪ್ಪು ಹೆಜ್ಜೆ ಇಡುತ್ತ ಬರುವ ಮಗು ಬೆರಳನ್ನು ಬಾಯಿಗಿಟ್ಟಾಗ, ನೋಡುವವರ ಎದೆ ಧಸಕ್ಕೆನ್ನದಿದ್ದರೆ, ಆ ಬಣ್ಣ ನಿಜವಾಗಿಯೂ ಬೆಚ್ಚಗಿನ ಬಣ್ಣವೆನಿಸೀತು.